ಓಡುವ ಸಾಫ್ಟ್‌ವೇರ್‌ನಲ್ಲಿ ನೋಡಬೇಕಾದ್ದು ಅದು ನಿಂತ ಜಾಗ

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಗದಗದವಳು. ಎರಡು ವರ್ಷದಿಂದ ಪುಣೆಯ ಹಿಂಜವಡಿಯಲ್ಲಿ ಕೆಲಸ. ಮೂರು ತಿಂಗಳ ಹಿಂದೆ ನನ್ನನ್ನು ಒಂದು ಹಳೆಯ ಜಾವಾ ಸಿಸ್ಟಂಗೆ ಹಾಕಿದರು. ಮೂವತ್ತಕ್ಕೂ ಜಾಸ್ತಿ ಸರ್ವಿಸ್‌ಗಳಿವೆ, ಒಂದೊಂದು ಕೆಲಸಕ್ಕೆ ಒಂದೊಂದು ಪ್ರೋಗ್ರಾಂ. ಬರೆದವರು ಯಾರೂ ಈಗ ಕಂಪನಿಯಲ್ಲಿಲ್ಲ. ಕೋಡ್ ಓದಿದರೆ ಅರ್ಥ ಆಗುತ್ತೆ, ಆದರೆ ಓಡುವಾಗ ಒಳಗೆ ಏನು ನಡೆಯುತ್ತೆ ಅನ್ನೋದು ಗೊತ್ತಾಗಲ್ಲ. ದಿನಾ ಬೆಳಿಗ್ಗೆ ಹತ್ತೂವರೆಯಿಂದ ಹನ್ನೊಂದೂವರೆ ತನಕ ಎಲ್ಲ ನಿಧಾನ. ಸಿಪಿಯು ನೋಡಿದರೆ ಶೇ. 30 ಕೂಡ ದಾಟಿರಲ್ಲ. ಮ್ಯಾನೇಜರ್ ‘ಇಡೀ ಸಿಸ್ಟಂ ಹೇಗೆ ಓಡುತ್ತೆ ಅಂತ ಒಂದು ಚಿತ್ರ ಮಾಡಿ ತೋರಿಸು’ ಅಂದರು. ಒಂದು ಟೂಲ್ ಹಿಡಿದು ಮಾಡಿದೆ, ನೂಡಲ್ಸ್ ತಟ್ಟೆ ಥರ ಬಂತು. ಯಾರಿಗೂ ಏನೂ ತಿಳಿಯಲಿಲ್ಲ. ಪ್ರೊಡಕ್ಷನ್‌ನಲ್ಲಿ (ಗ್ರಾಹಕರು ಬಳಸುವ ಸಿಸ್ಟಂನಲ್ಲಿ) ಹೊಸ ಏಜೆಂಟ್, ಅಂದರೆ ಒಳಗೆ ಕೂತು ಗಮನಿಸುವ ಸಾಫ್ಟ್‌ವೇರ್, ಹಾಕೋಕೆ ಇನ್ನೂ ಅನುಮತಿ ಸಿಕ್ಕಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಗದಗದ ತಂಗಿಗೆ ನಮಸ್ಕಾರ.

ನೂಡಲ್ಸ್ ಚಿತ್ರಕ್ಕೆ ನಾಚಿಕೊಳ್ಳಬೇಡಿ. ನಾನೂ ಒಂದು ಮಾಡಿದ್ದೆ. ಮಾಡಿದ್ದಷ್ಟೇ ಅಲ್ಲ, ದೊಡ್ಡ ಹಾಳೆಯಲ್ಲಿ ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿದ್ದೆ. ಹನ್ನೆರಡು ವರ್ಷದ ಹಿಂದಿನ ಮಾತು, ಅಂಧೇರಿಯ ಒಂದು ಆಫೀಸು. ನೂರನಲವತ್ತು ಡಬ್ಬಿಗಳು, ಅವುಗಳ ಮಧ್ಯೆ ಬಣ್ಣ ಬಣ್ಣದ ಬಾಣಗಳು. ಎರಡು ವಾರದ ಕೆಲಸ. ಮೊದಲ ದಿನ ಎಲ್ಲರೂ ಬಂದು ನೋಡಿ ‘ಅಬ್ಬಾ’ ಅಂದರು. ಮೂರನೇ ವಾರ ಯಾರೋ ಅದರ ಮೇಲೆಯೇ ಗಣಪತಿ ಹಬ್ಬದ ಚಂದಾ ಪಟ್ಟಿ ಅಂಟಿಸಿದರು.

ಸಿಟ್ಟು ಬಂತು. ಆಮೇಲೆ ಯೋಚನೆ ಮಾಡಿದೆ. ಆ ಮೂರು ವಾರದಲ್ಲಿ ಎರಡು ಸಲ ಸಿಸ್ಟಂ ಕುಸಿದಿತ್ತು. ಎರಡೂ ಸಲ ಆ ಚಿತ್ರದ ಹತ್ತಿರ ಒಬ್ಬರೂ ಹೋಗಿರಲಿಲ್ಲ. ನಾನೇ ಹೋಗಿರಲಿಲ್ಲ.

ಯಾಕೆ ಅಂದರೆ, ಆ ಚಿತ್ರ ಯಾರು ಯಾರನ್ನು ಕರೆಯಬಹುದು ಅಂತ ಹೇಳ್ತಿತ್ತು. ಬೆಳಿಗ್ಗೆ 10:40ಕ್ಕೆ ಯಾರು ಯಾರನ್ನು ಕರೆದರು, ಎಷ್ಟು ಹೊತ್ತು ಕಾದರು ಅಂತ ಹೇಳ್ತಿರಲಿಲ್ಲ. ಲೋಕಲ್ ಟ್ರೇನಿನ ಬಾಗಿಲ ಮೇಲೆ ಸ್ಟೇಷನ್‌ಗಳ ನಕ್ಷೆ ಇರುತ್ತಲ್ಲ, ಹಾಗೆ. ಡೊಂಬಿವಲಿ ಆದ ಮೇಲೆ ಠಾಕುರ್ಲಿ, ಆಮೇಲೆ ಕಲ್ಯಾಣ ಅಂತ ಅದು ಹೇಳುತ್ತೆ. ನಮ್ಮ ಗಾಡಿ ಮುಂಬ್ರಾ ಹತ್ತಿರ ಹತ್ತು ನಿಮಿಷದಿಂದ ಯಾಕೆ ನಿಂತಿದೆ ಅಂತ ಆ ನಕ್ಷೆಯನ್ನು ಕೇಳಿ ಏನು ಪ್ರಯೋಜನ?

ಅದನ್ನು ತೋರಿಸೋ ಚಿತ್ರ ರೈಲ್ವೆಯವರ ಹತ್ತಿರ ಬೇರೆ ಇದೆ. ಕಂಟ್ರೋಲ್ ಆಫೀಸಿನಲ್ಲಿ ಸೆಕ್ಷನ್ ಕಂಟ್ರೋಲರ್ ಅಂತ ಒಬ್ಬರು ಕೂತಿರುತ್ತಾರೆ. ಅವರ ಮುಂದೆ ಒಂದು ಚಾರ್ಟ್. ಅಡ್ಡಕ್ಕೆ ಗಂಟೆ, ನಿಮಿಷ. ಉದ್ದಕ್ಕೆ ಸ್ಟೇಷನ್‌ಗಳು. ಒಂದೊಂದು ಗಾಡಿಗೆ ಒಂದೊಂದು ಗೆರೆ. ಹಿಂದೆಲ್ಲ ಸ್ಟೇಷನ್‌ನಿಂದ ಫೋನ್ ಬಂದ ಹಾಗೆ ಪೆನ್ಸಿಲ್ಲಲ್ಲಿ ಎಳೆಯುತ್ತಿದ್ದರು, ಈಗ ಕಂಪ್ಯೂಟರ್ ಎಳೆಯುತ್ತೆ. ಗೆರೆ ಕಡಿದಾಗಿದ್ದರೆ ಗಾಡಿ ಜೋರಾಗಿ ಹೋಗ್ತಿದೆ. ಗೆರೆ ಮಲಗಿದ್ದರೆ ಗಾಡಿ ನಿಂತಿದೆ. ಈ ಬಗೆಯ ಚಿತ್ರ ಹೊಸದೇನಲ್ಲ. 19ನೇ ಶತಮಾನದ ಕೊನೆಯ ಭಾಗದಲ್ಲೇ ಫ್ರಾನ್ಸಿನ ಎಟಿಯನ್-ಜೂಲ್ ಮಾರೇ ಅನ್ನುವ ವಿಜ್ಞಾನಿ ಪ್ಯಾರಿಸ್‌ನಿಂದ ಲಿಯಾನ್‌ಗೆ ಹೋಗುವ ಗಾಡಿಗಳ ಇಂಥದೇ ಚಿತ್ರವನ್ನು ಎಲ್ಲರಿಗೂ ಪರಿಚಯ ಮಾಡಿಸಿದ್ದರು.

ಮುಂಬೈಯಿಂದ ಪುಣೆಗೆ ಬರುವ ಗಾಡಿಯ ಗೆರೆಯನ್ನು ಮನಸ್ಸಿನಲ್ಲೇ ಎಳೆದು ನೋಡಿ. ಕರ್ಜತ್‌ನಲ್ಲಿ ಅದು ಸ್ವಲ್ಪ ಹೊತ್ತು ಮಲಗುತ್ತೆ. ಭೋರ್ ಘಾಟ್ ಹತ್ತೋಕೆ ಹಿಂದಿನಿಂದ ತಳ್ಳುವ ಎಂಜಿನ್ ಕಟ್ಟಬೇಕಲ್ಲ, ಬ್ಯಾಂಕರ್ ಅಂತಾರೆ ಅದಕ್ಕೆ. ಘಟ್ಟದ ಏರು 37 ಅಡಿಗೆ ಒಂದು ಅಡಿ. ಅಲ್ಲಿಂದ ಲೋನಾವಳಾ ತನಕ ಗೆರೆ ನಿಧಾನಕ್ಕೆ ಏರುತ್ತೆ, ಆಮೇಲೆ ಮತ್ತೆ ಕಡಿದು. ಇಷ್ಟನ್ನು ನೋಡಿದವರು ಯಾರಾದರೂ ‘ಕರ್ಜತ್‌ನಲ್ಲಿ ಏನಾಗುತ್ತೆ?’ ಅಂತ ಕೇಳೇ ಕೇಳ್ತಾರೆ. ಚಿತ್ರ ಅಂದರೆ ಅಷ್ಟು ಮಾಡಬೇಕು. ಸರಿಯಾದ ಜಾಗಕ್ಕೆ ಬೆರಳು ಇಡಿಸಬೇಕು.

ಹಾಗಾಗಿ ಮ್ಯಾನೇಜರ್ ಕೇಳಿದ ‘ಇಡೀ ಸಿಸ್ಟಂನ ಚಿತ್ರ’ವನ್ನು ಸದ್ಯಕ್ಕೆ ಮರೆತುಬಿಡಿ. ಮೂವತ್ತು ಸರ್ವಿಸ್ ಬೇಡ. ಒಂದು ರಿಕ್ವೆಸ್ಟ್ ತಗೊಳ್ಳಿ. ನಿಧಾನವಾದ ಒಂದೇ ಒಂದು ರಿಕ್ವೆಸ್ಟ್, ಬೆಳಿಗ್ಗೆ 10:40ರದ್ದು. ಅದು ಎಲ್ಲೆಲ್ಲಿ ಹೋಯಿತು, ಎಲ್ಲೆಲ್ಲಿ ನಿಂತಿತು ಅಂತ ಎಳೆಯಿರಿ. ನಮ್ಮ ಕಸುಬಿನಲ್ಲಿ ಇದಕ್ಕೆ ಟ್ರೇಸ್ ಅಂತಾರೆ. ಟ್ರೇಸನ್ನು ಚಿತ್ರವಾಗಿ ಎಳೆದಾಗ ಒಂದೊಂದು ಕೆಲಸಕ್ಕೆ ಒಂದೊಂದು ಅಡ್ಡ ಪಟ್ಟಿ ಬರುತ್ತೆ, ಅದಕ್ಕೆ ಸ್ಪ್ಯಾನ್ ಅಂತ ಹೆಸರು. ಒಂದು ಕೆಲಸ ಯಾವಾಗ ಶುರುವಾಯಿತು, ಯಾವಾಗ ಮುಗಿಯಿತು, ಅದನ್ನು ಮಾಡಿಸಿದವರು ಯಾರು, ಈ ಮೂರೇ ಸಂಗತಿ ಒಂದು ಸ್ಪ್ಯಾನ್‌ನಲ್ಲಿ ಇರಬೇಕಾದ್ದು. ಗೂಗಲ್ 2010ರಲ್ಲಿ ತನ್ನ ಟ್ರೇಸಿಂಗ್ ಸಿಸ್ಟಂ ಡ್ಯಾಪರ್ ಬಗ್ಗೆ ಬರೆದ ಮೇಲೆ ಈ ರೀತಿ ಎಲ್ಲ ಕಡೆ ಹಬ್ಬಿತು. 2012ರಲ್ಲಿ ಟ್ವಿಟರ್‌ನಿಂದ ಜಿಪ್ಕಿನ್ ಬಂತು, ಆಮೇಲೆ ಊಬರ್‌ನಿಂದ ಯೇಗರ್. ಈಗ ಹೊಸದಾಗಿ ಶುರು ಮಾಡುವವರು ಸುಮ್ನೆ ಟ್ರೇಸ್ ದಾಖಲಿಸುವ ಓಪನ್‌ಟೆಲಿಮೆಟ್ರಿ ಹಿಡಿದುಬಿಡಿ. 2019ರಲ್ಲಿ ಎರಡು ಬೇರೆ ಬೇರೆ ಪ್ರಾಜೆಕ್ಟ್ ಸೇರಿ ಆದದ್ದು ಅದು. ಚಿತ್ರ ತೋರಿಸೋ ಟೂಲ್ ನಾಳೆ ಬದಲಾದರೂ ಕೋಡ್ ಮುಟ್ಟಬೇಕಾಗಿಲ್ಲ.

ಒಂದು ನಿಜವಾದ ಟ್ರೇಸ್ ಓದೋಣ. ನಾನು ನೋಡಿದ ಒಂದು ಕೇಸು. ನಿಮ್ಮದರ ಹಾಗೇ ಇದೆ, ಅದಕ್ಕೇ ಎತ್ತಿಕೊಂಡೆ. ಸಾಮಾನು ಕಳಿಸುವ ಕಂಪನಿ. ಗ್ರಾಹಕರು ಲಾಗಿನ್ ಆಗಿ ತಮ್ಮ ಆರ್ಡರ್‌ಗಳ ಪಟ್ಟಿ ನೋಡುವ ಪುಟ. ಬೆಳಿಗ್ಗೆ ಹೊತ್ತು ಪುಟ ಬರೋಕೆ 3.8 ಸೆಕೆಂಡ್, ಅಂದರೆ 3,800 ಮಿಲಿಸೆಕೆಂಡ್.

ಎಲ್ಲಕ್ಕಿಂತ ಮೇಲೆ ಒಂದು ಉದ್ದ ಪಟ್ಟಿ, ಸೊನ್ನೆಯಿಂದ 3,800ರ ತನಕ. ಅದು ಗೇಟ್‌ವೇ, ಹೊರಗಿನ ರಿಕ್ವೆಸ್ಟ್ ಮೊದಲು ಬಂದು ಸೇರುವ ಬಾಗಿಲು. ಅದರ ಕೆಳಗೆ ಚಿಕ್ಕ ಪಟ್ಟಿ, ಸೊನ್ನೆಯಿಂದ 40. ಲಾಗಿನ್ ಗುರುತಿನ ಟೋಕನ್ ಸರಿ ಇದೆಯಾ ಅಂತ ನೋಡಿದ್ದು. ಆಮೇಲೆ ಆರ್ಡರ್ ಸರ್ವಿಸ್ ಶುರು, 40ರಿಂದ 3,760. ಅದರ ಒಳಗೆ ಡೇಟಾಬೇಸ್‌ಗೆ ಕೇಳಿದ ಪ್ರಶ್ನೆಯ, ಅಂದರೆ ಕ್ವೆರಿಯ ಪಟ್ಟಿ, 1,250ರಿಂದ 1,280. ಬರೀ 30 ಮಿಲಿಸೆಕೆಂಡ್. ಅದರ ಹಿಂದೆಯೇ ಅರವತ್ತು ಸಣ್ಣ ಪಟ್ಟಿಗಳು, ಒಂದರ ಕೆಳಗೊಂದು, ಮೆಟ್ಟಿಲ ಹಾಗೆ. ಒಂದೊಂದು 35 ಮಿಲಿಸೆಕೆಂಡ್. ಅವು 3,380ಕ್ಕೆ ಮುಗಿಯುತ್ತವೆ. ಕೊನೆಗೆ ಉತ್ತರವನ್ನು ಜೇಸನ್ ಅನ್ನುವ ಪಠ್ಯ ರೂಪಕ್ಕೆ ಕಟ್ಟುವ ಪಟ್ಟಿ, 380 ಮಿಲಿಸೆಕೆಂಡ್. ಉಳಿದ 40 ಗೇಟ್‌ವೇಯಿಂದ ಆಚೆ ಹೋಗೋಕೆ.

ಟೀಮಿನವರೆಲ್ಲ ಮೊದಲು ಬೆರಳಿಟ್ಟಿದ್ದು ಮೆಟ್ಟಿಲ ಮೇಲೆ. ತಪ್ಪೇನಿಲ್ಲ, ಎದ್ದು ಕಾಣುತ್ತೆ. ಒಂದೊಂದು ಆರ್ಡರ್‌ಗೂ ವಿಳಾಸ ಕೇಳೋಕೆ ವಿಳಾಸದ ಸರ್ವಿಸ್‌ಗೆ ಒಂದೊಂದು ಸಲ ಹೋಗಿ ಬರ್ತಿದ್ದರು. ಅರವತ್ತು ಆರ್ಡರ್, ಅರವತ್ತು ಓಡಾಟ. ಕಿರಾಣಿ ಅಂಗಡಿಗೆ ಹೋಗಿ ಉಪ್ಪು ತಂದು, ಮತ್ತೆ ಹೋಗಿ ಸಾಸಿವೆ ತಂದು, ಮತ್ತೆ ಹೋಗಿ ಮೆಣಸಿನಕಾಯಿ ತಂದ ಹಾಗೆ. ಕೋಡ್‌ನಲ್ಲಿ ಅದು ಮೂರು ಸಾಲಿನ ಒಂದು ಲೂಪ್. ನಾನೇ ಎರಡು ಸಲ ಓದಿ ‘ಸರಿ ಇದೆ’ ಅಂದು ಮುಂದೆ ಹೋಗಿದ್ದೆ. ಚಿತ್ರದಲ್ಲಿ ಬಂದಾಗ ಮಾತ್ರ ಮುಖಕ್ಕೆ ಹೊಡೆದ ಹಾಗಾಯಿತು.

ಆದರೆ ಈ ಚಿತ್ರದ ಅಸಲು ಮಾತು ಮೆಟ್ಟಿಲಲ್ಲಿ ಇಲ್ಲ. 40ರಿಂದ 1,250ರ ತನಕ ನೋಡಿ. ಅಲ್ಲಿ ಏನೂ ಇಲ್ಲ. 1,210 ಮಿಲಿಸೆಕೆಂಡ್ ಖಾಲಿ. ಆರ್ಡರ್ ಸರ್ವಿಸ್ ಶುರುವಾಗಿದೆ, ಕ್ವೆರಿ ಹೊರಟಿಲ್ಲ. ಪಟ್ಟಿ ಇದ್ದರೆ ಎಲ್ಲರೂ ನೋಡುತ್ತಾರೆ. ಪಟ್ಟಿ ಇಲ್ಲದ ಜಾಗ ನೋಡೋದನ್ನು ಅಭ್ಯಾಸ ಮಾಡಿಕೊಳ್ಳಬೇಕು. ಈ ಕಸುಬಿನಲ್ಲಿ ಇಷ್ಟು ವರ್ಷ ಕಳೆದ ಮೇಲೆ ನಾನು ಹೊಸಬರಿಗೆ ಹೇಳೋದು ಇದೊಂದೇ.

ಆ ಖಾಲಿ ಜಾಗದಲ್ಲಿ ಆಗ್ತಿದ್ದದ್ದು ಕಾಯುವ ಕೆಲಸ. ಡೇಟಾಬೇಸ್ ಕನೆಕ್ಷನ್‌ಗೆ ಸಾಲು. ತೆರೆದಿಟ್ಟು ಸರದಿಯಲ್ಲಿ ಕೊಡುವ ಕನೆಕ್ಷನ್‌ಗಳ ಗುಂಪಿಗೆ ಪೂಲ್ ಅಂತಾರೆ, ಅದರಲ್ಲಿ ಇದ್ದದ್ದು ಹತ್ತು. ಹಿಕಾರಿಸಿಪಿ ಅನ್ನುವ ಪೂಲ್‌ನಲ್ಲಿ ನೀವೇನೂ ಹೇಳದಿದ್ದರೆ ಗರಿಷ್ಠ ಹತ್ತೇ ಇರುತ್ತೆ, ನಿಮ್ಮಲ್ಲೂ ನೋಡಿ. ಹತ್ತು ಕಡಿಮೆಯೇನಲ್ಲ, ಕ್ವೆರಿ 30 ಮಿಲಿಸೆಕೆಂಡ್‌ನಲ್ಲಿ ಮುಗಿಯುತ್ತಲ್ಲ. ಮತ್ತೆ ಸಾಲು ಯಾಕೆ? ಇಡೀ ಮೆಥಡ್‌ನ ತಲೆ ಮೇಲೆ ಟ್ರಾನ್ಸಾಕ್ಷನ್ ಅಂತ, ಅಂದರೆ ಒಳಗಿನದ್ದೆಲ್ಲ ಸೇರಿ ಒಂದೇ ಡೇಟಾಬೇಸ್ ವ್ಯವಹಾರ ಅಂತ, ಒಂದು ಗುರುತು ಹಾಕಿದ್ದರು. ಹಾಗಾಗಿ ಕ್ವೆರಿ ಮುಗಿದರೂ ಕನೆಕ್ಷನ್ ಕೈ ಬಿಡ್ತಿರಲಿಲ್ಲ. ಅದನ್ನು ಹಿಡಿದುಕೊಂಡೇ ಅರವತ್ತು ವಿಳಾಸ ಕೇಳಿ, ಜೇಸನ್ ಕಟ್ಟಿ, ಆಮೇಲೆ ವಾಪಸು. 30, 2,100, 380 ಸೇರಿಸಿ. ಹತ್ತಿರ ಹತ್ತಿರ ಎರಡೂವರೆ ಸೆಕೆಂಡ್.

ಮಾಟುಂಗದ ಉಡುಪಿ ಹೋಟೆಲಿಗೆ ಭಾನುವಾರ ಬೆಳಿಗ್ಗೆ ಹೋಗಿದ್ದೀರಾ? ಹತ್ತು ಟೇಬಲ್ ಇದೆ ಅಂದುಕೊಳ್ಳಿ. ತಿಂಡಿ ತಿನ್ನೋಕೆ ಹತ್ತು ನಿಮಿಷ ಸಾಕು. ತಿಂದವರು ಎದ್ದರೆ ಸಾಲು ಓಡುತ್ತೆ. ತಿಂದು, ಕಾಫಿ ಕುಡಿದು, ಅಲ್ಲೇ ಕೂತು ಮನೆಯ ಅರವತ್ತು ಜನಕ್ಕೆ ಒಬ್ಬೊಬ್ಬರಿಗೇ ಫೋನ್ ಮಾಡಿ ‘ನಿಮಗೇನು ಪಾರ್ಸಲ್ ತರಲಿ’ ಅಂತ ಕೇಳ್ತಾ ಕೂತರೆ? ಅಡುಗೆ ಮನೆಯಲ್ಲಿ ಕಾವಲಿ ಖಾಲಿ, ಮಾಣಿ ಸುಮ್ನೆ ನಿಂತಿದ್ದಾನೆ, ಹೊರಗೆ ಫುಟ್‌ಪಾತ್ ತನಕ ಸಾಲು. ನಿಮ್ಮ ಸಿಪಿಯು ಶೇ. 30 ದಾಟದೆ ಇರೋದಕ್ಕೆ ಇಂಥದ್ದೇ ಏನೋ ಕಾರಣ ಇರಬೇಕು ಅನ್ನೋದು ನನ್ನ ಊಹೆ. ಕೆಲಸ ಜಾಸ್ತಿಯಾಗಿ ನಿಧಾನ ಆಗಿದ್ದರೆ ಸಿಪಿಯು ಏರಬೇಕಿತ್ತಲ್ವಾ.

ಲೆಕ್ಕವೂ ಸುಲಭ. ಹತ್ತು ಕನೆಕ್ಷನ್, ಒಬ್ಬರು ಎರಡೂವರೆ ಸೆಕೆಂಡ್ ಹಿಡಿದರೆ, ಸೆಕೆಂಡಿಗೆ ನಾಲ್ಕೇ ಜನಕ್ಕೆ ಸಿಗೋದು. ಇದಕ್ಕೆ ಲಿಟಲ್ ನಿಯಮ ಅಂತ ಹೆಸರಿದೆ. ಜಾನ್ ಲಿಟಲ್ 1961ರಲ್ಲಿ ಇದನ್ನು ಸಾಧಿಸಿ ತೋರಿಸಿದರು. ಮಧ್ಯಾಹ್ನ ಸೆಕೆಂಡಿಗೆ ಎರಡು ಮೂರು ಜನ ಬರ್ತಿದ್ದರು, ಏನೂ ಗೊತ್ತಾಗ್ತಿರಲಿಲ್ಲ. ಬೆಳಿಗ್ಗೆ ಹೊತ್ತು ಸೆಕೆಂಡಿಗೆ ನಾಲ್ಕು ಜನದ ಹತ್ತಿರ ಬಂದಾಗ ಸಾಲು ಕಟ್ಟುತ್ತಿತ್ತು. ನಾವು ಮಾಡಿದ್ದು ಎರಡು ಕೆಲಸ. ಅರವತ್ತು ವಿಳಾಸವನ್ನು ಒಂದೇ ಸಲ ಕೇಳಿದೆವು, 90 ಮಿಲಿಸೆಕೆಂಡ್ ಆಯಿತು. ಕ್ವೆರಿ ಮುಗಿದ ಕೂಡಲೇ ಕನೆಕ್ಷನ್ ಬಿಟ್ಟೆವು. ಖಾಲಿ ಜಾಗ ಮಾಯ. 3,800 ಇದ್ದದ್ದು 580ಕ್ಕೆ ಇಳಿಯಿತು. ಪೂಲ್‌ನಲ್ಲಿ ಹತ್ತರ ಜಾಗಕ್ಕೆ ಐವತ್ತು ಹಾಕೋಣ ಅಂತ ಮೊದಲೇ ಒಬ್ಬರು ಹೇಳಿದ್ದರು. ಹಾಗೆ ಮಾಡಿದ್ದರೆ ಸಾಲು ಹೋಟೆಲಿನ ಬಾಗಿಲಿಂದ ಡೇಟಾಬೇಸ್‌ನ ಬಾಗಿಲಿಗೆ ಹೋಗಿ ನಿಲ್ಲಬಹುದಿತ್ತು, ಅಷ್ಟೇ.

ಇಂಥ ಟ್ರೇಸ್ ಸುಮ್ನೆ ಬರಲ್ಲ. ರಿಕ್ವೆಸ್ಟ್ ಒಂದು ಸರ್ವಿಸ್‌ನಿಂದ ಇನ್ನೊಂದಕ್ಕೆ ಹೋಗುವಾಗ ತನ್ನ ಗುರುತನ್ನು ಹೊತ್ತುಕೊಂಡು ಹೋಗಬೇಕು. ಮುಂಬೈಯ ಡಬ್ಬಾವಾಲಾಗಳ ಡಬ್ಬಿ ಮುಚ್ಚಳ ನೋಡಿದ್ದೀರಲ್ಲ. ಬಣ್ಣದಲ್ಲಿ ಬರೆದ ನಾಲ್ಕಾರು ಅಕ್ಷರ, ಅಂಕಿ. ಯಾವ ಸ್ಟೇಷನ್‌ನಲ್ಲಿ ಇಳಿಸಬೇಕು, ಯಾವ ಕಟ್ಟಡ, ಎಷ್ಟನೇ ಮಹಡಿ, ಎಲ್ಲ ಅದರಲ್ಲೇ. ಡಬ್ಬಿ ಕೈಯಿಂದ ಕೈಗೆ ಹೋದರೂ ಮುಚ್ಚಳದ ಮೇಲಿನದ್ದು ಅಳಿಯಬಾರದು. ಸರ್ವಿಸ್‌ಗಳು ಮಾತಾಡಿಕೊಳ್ಳುವ ಎಚ್‌ಟಿಟಿಪಿಯಲ್ಲಿ ಈ ಮುಚ್ಚಳದ ಬರಹಕ್ಕೆ ಟ್ರೇಸ್‌ಪೇರೆಂಟ್ ಅಂತ ಹೆಡರ್ ಇದೆ. 2020ರಲ್ಲಿ ವೆಬ್‌ನ ನಿಯಮ ರೂಪಿಸುವ ಸಂಸ್ಥೆ ಡಬ್ಲ್ಯೂ3ಸಿ ಅದನ್ನು ಮಾನದಂಡ ಮಾಡಿತು. 32 ಅಕ್ಷರದ ಒಂದು ಟ್ರೇಸ್ ನಂಬರ್, 16 ಅಕ್ಷರದ ಒಂದು ಸ್ಪ್ಯಾನ್ ನಂಬರ್, ಹಿಂದೆ ಮುಂದೆ ಎರಡೆರಡು ಅಕ್ಷರ.

ಗುರುತು ಅಳಿಯೋದು ಸಾಮಾನ್ಯವಾಗಿ ಎರಡು ಕಡೆ. ಒಂದು, ಮೆಸೇಜ್ ಕ್ಯೂ, ಅಂದರೆ ಸಂದೇಶಗಳನ್ನು ಸರದಿಯಲ್ಲಿ ಇಟ್ಟು ಮುಂದೆ ಕಳಿಸುವ ಜಾಗ. ಎಚ್‌ಟಿಟಿಪಿಯಲ್ಲಿ ಬಂದ ಗುರುತನ್ನು ಮೆಸೇಜ್ ಒಳಗೆ ಯಾರೂ ನಕಲು ಮಾಡಿರಲ್ಲ. ಇನ್ನೊಂದು, ಥ್ರೆಡ್ (ಪ್ರೋಗ್ರಾಂ ಒಳಗೆ ಕೆಲಸ ಮಾಡುವ ಒಂದೊಂದು ಕೈ) ಬದಲಾಗುವ ಜಾಗ. ಜಾವಾದಲ್ಲಿ ಗುರುತನ್ನು ಥ್ರೆಡ್‌ಗೆ ಅಂಟಿಸಿ ಇಟ್ಟಿರ್ತಾರೆ. ಕೆಲಸವನ್ನು ಇನ್ನೊಂದು ಥ್ರೆಡ್‌ಗೆ ಕೊಟ್ಟ ತಕ್ಷಣ ಗುರುತು ಹಳೆಯ ಥ್ರೆಡ್‌ನಲ್ಲೇ ಉಳಿಯುತ್ತೆ. ನಿಮ್ಮ ಟ್ರೇಸ್ ಮಧ್ಯದಲ್ಲೇ ತುಂಡಾಗಿ ಎರಡು ಬೇರೆ ಟ್ರೇಸ್ ಥರ ಕಂಡರೆ ಈ ಎರಡು ಜಾಗವನ್ನು ಮೊದಲು ಹುಡುಕಿ.

ಇನ್ನೊಂದು ವಿಚಿತ್ರ ಕಾಣುತ್ತೆ, ಹೆದರಬೇಡಿ. ಮಗ ಅಪ್ಪನಿಗಿಂತ ಮೊದಲು ಹುಟ್ಟಿರ್ತಾನೆ. ಅಂದರೆ ಕರೆಸಿಕೊಂಡ ಸರ್ವಿಸ್‌ನ ಪಟ್ಟಿ, ಕರೆದ ಸರ್ವಿಸ್‌ನ ಪಟ್ಟಿಗಿಂತ ಐದು ಮಿಲಿಸೆಕೆಂಡ್ ಮೊದಲೇ ಶುರು! ಎರಡು ಮಷಿನ್‌ನ ಗಡಿಯಾರ ಒಂದೇ ಇಲ್ಲ, ಅಷ್ಟೇ ಕಾರಣ. ಬೇರೆ ಬೇರೆ ಮಷಿನ್‌ಗಳಲ್ಲಿ ಯಾವುದು ಮೊದಲು ಯಾವುದು ಆಮೇಲೆ ಅನ್ನೋದನ್ನು ಗಡಿಯಾರ ನೋಡಿ ಹೇಳೋಕಾಗಲ್ಲ, ಯಾರು ಯಾರಿಗೆ ಸುದ್ದಿ ಕಳಿಸಿದರು ಅನ್ನೋದರಿಂದ ಹೇಳಬೇಕು ಅಂತ ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲೇ ಬರೆದರು. ಅವರ ಬರಹದಲ್ಲಿ ಇರುವ ಚಿತ್ರವೂ ನಮ್ಮ ಕಂಟ್ರೋಲರ್ ಚಾರ್ಟಿನ ದಾಯಾದಿಯೇ. ಒಂದೊಂದು ಪ್ರೊಸೆಸ್‌ಗೆ ಒಂದೊಂದು ಗೆರೆ, ಮಧ್ಯೆ ಹಾರುವ ಮೆಸೇಜ್‌ಗಳು.

ಈಗ ಆ ಉಳಿದ 380 ಮಿಲಿಸೆಕೆಂಡ್‌ಗೆ ಬರೋಣ. ಜೇಸನ್ ಕಟ್ಟುವ ಪಟ್ಟಿ. ಇಲ್ಲಿ ಟ್ರೇಸ್ ಕೈ ಚೆಲ್ಲುತ್ತೆ. ಒಂದೇ ಪಟ್ಟಿ, ಒಳಗೆ ಏನೂ ಕಾಣಲ್ಲ. ಇದು ಕಾಯುವ ಕೆಲಸ ಅಲ್ಲ, ನಿಜವಾಗಿ ಸಿಪಿಯು ಓಡ್ತಿದೆ. ಇದಕ್ಕೆ ಬೇರೆ ಚಿತ್ರ ಬೇಕು, ಫ್ಲೇಮ್ ಗ್ರಾಫ್. 2011ರಲ್ಲಿ ಬ್ರೆಂಡನ್ ಗ್ರೆಗ್ ಅನ್ನುವವರು ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಒಂದು ತೊಂದರೆ ಹುಡುಕುವಾಗ ಇದನ್ನು ಮಾಡಿದರು. ಸಮಯ ಎಲ್ಲಿ ಹೋಯಿತು ಅಂತ ಅಳೆಯುವ ಪ್ರೊಫೈಲರ್ ಕೊಟ್ಟ ಸಾವಿರಾರು ಸಾಲಿನ ಔಟ್‌ಪುಟ್ ಓದೋಕಾಗದೆ ಚಿತ್ರಕ್ಕೆ ಇಳಿಸಿದ್ದು.

ಮಾಡುವ ರೀತಿ ಸರಳ. ಸೆಕೆಂಡಿಗೆ 99 ಸಲ ಓಡುವ ಪ್ರೋಗ್ರಾಂ ಕಡೆ ಇಣುಕಿ ‘ಈಗ ಯಾವ ಫಂಕ್ಷನ್‌ನಲ್ಲಿ ಇದ್ದೀ? ಅಲ್ಲಿಗೆ ಯಾರು ಕಳಿಸಿದರು? ಅವರನ್ನು ಯಾರು ಕಳಿಸಿದರು?’ ಅಂತ ಕೇಳಿ ಬರೆದುಕೊಳ್ಳೋದು. ಒಂದು ಕೋರ್ ಪೂರ್ತಿ ಓಡ್ತಿದ್ದರೆ ಒಂದು ನಿಮಿಷಕ್ಕೆ 5,940 ಚೀಟಿ ಆಗುತ್ತೆ. ಒಂದೇ ಥರದ ಚೀಟಿಗಳನ್ನು ಒಟ್ಟಿಗೆ ಇಟ್ಟರೆ ಎಷ್ಟು ಅಗಲ ಆಗುತ್ತೋ ಅಷ್ಟು ಅಗಲದ ಡಬ್ಬಿ. ಕಳಿಸಿದವರು ಕೆಳಗೆ, ಹೋದವರು ಮೇಲೆ.

ನೂರು ಬಿಟ್ಟು 99 ಯಾಕೆ ಅಂತ ಎಲ್ಲರೂ ಕೇಳ್ತಾರೆ. ಪ್ರೋಗ್ರಾಂಗಳಲ್ಲಿ ಹತ್ತು ಮಿಲಿಸೆಕೆಂಡಿಗೊಮ್ಮೆ, ನೂರು ಮಿಲಿಸೆಕೆಂಡಿಗೊಮ್ಮೆ ಅಂತ ತಾಳ ಹಾಕಿ ನಡೆಯುವ ಕೆಲಸ ಬಹಳ. ನಾವೂ ಅದೇ ತಾಳದಲ್ಲಿ ಇಣುಕಿದರೆ ಪ್ರತಿ ಸಲ ಅದೇ ಕಾಣುತ್ತೆ, ಅಥವಾ ಒಂದು ಸಲವೂ ಕಾಣಲ್ಲ. ದಾದರ್‌ನಲ್ಲಿ ಪ್ರತಿ ಗಂಟೆ ಸರಿಯಾಗಿ ಐದು ನಿಮಿಷಕ್ಕೆ ಕಣ್ಣು ಬಿಟ್ಟು ನೋಡುವವರಿಗೆ, ಗಂಟೆಗೊಮ್ಮೆ ಆ ಹೊತ್ತಿಗೇ ಬರುವ ಒಂದು ಲೋಕಲ್ ಬಿಟ್ಟರೆ ಬೇರೆ ಗಾಡಿಯೇ ಇಲ್ಲ ಅನಿಸಬಹುದು. ತಾಳ ತಪ್ಪಿಸೋಕೆ 99.

ಓದುವಾಗ ಹೊಸಬರು ಮಾಡುವ ತಪ್ಪು ಒಂದಿದೆ. ಎಡದಿಂದ ಬಲಕ್ಕೆ ಸಮಯ ಹೋಗುತ್ತೆ ಅಂದುಕೊಳ್ಳುತ್ತಾರೆ. ಇಲ್ಲ. ಫ್ಲೇಮ್ ಗ್ರಾಫ್‌ನಲ್ಲಿ ಅಡ್ಡಕ್ಕೆ ಇರೋದು ಇಂಗ್ಲಿಷ್ ಅಕ್ಷರಗಳ ವರಸೆ, ಎ ಮೊದಲು ಬಿ ಆಮೇಲೆ. ಎಡಗಡೆ ಇರೋದು ಮೊದಲು ನಡೆದದ್ದು ಅಂತ ಅಲ್ಲ. ಬಣ್ಣಕ್ಕೂ ಅರ್ಥ ಇಲ್ಲ, ಕೆಂಪು ಕಂಡು ಗಾಬರಿ ಆಗಬೇಡಿ. ಎತ್ತರಕ್ಕೂ ಅಷ್ಟೇ. ಗೋಪುರ ಎಷ್ಟೇ ಎತ್ತರ ಇರಲಿ, ತೆಳ್ಳಗಿದ್ದರೆ ಬಿಟ್ಟುಬಿಡಿ. ನೋಡಬೇಕಾದ್ದು ಅಗಲ. ಅದರಲ್ಲೂ ತುದಿಯಲ್ಲಿ ಮಟ್ಟಸವಾಗಿ ಅಗಲ ಇರುವ ಜಾಗ. ಬ್ರೌಸರ್‌ನಲ್ಲಿ ಇದರ ಹಾಗೇ ಕಾಣುವ ಇನ್ನೊಂದು ಚಿತ್ರ ಬರುತ್ತೆ, ಫ್ಲೇಮ್ ಚಾರ್ಟ್ ಅಂತ. ಅದರಲ್ಲಿ ಮಾತ್ರ ಅಡ್ಡಕ್ಕೆ ಸಮಯ. ಹೆಸರಿಟ್ಟವರು ಸ್ವಲ್ಪ ಯೋಚನೆ ಮಾಡಬಹುದಿತ್ತು.

ನಮ್ಮ ಕೇಸಿನಲ್ಲಿ ಜೇಸನ್ ಭಾಗದ ಮೇಲೆ ಒಂದು ಅಗಲ ಚಪ್ಪಡಿ ಇತ್ತು. ಆ ಭಾಗದ ಶೇ. 40. ಕೆಳಗಿನಿಂದ ಓದುತ್ತಾ ಹೋದರೆ ಲಾಗ್ ಬರೆಯುವ ಫಂಕ್ಷನ್, ಅದರ ಮೇಲೆ ಫೋನ್ ನಂಬರ್ ಮುಚ್ಚುವ ಫಂಕ್ಷನ್, ಅದರ ಮೇಲೆ ರಿಪ್ಲೇಸ್‌ಆಲ್, ಅದರ ಮೇಲೆ ಪ್ಯಾಟರ್ನ್ ಕಂಪೈಲ್. ಗ್ರಾಹಕರ ನಂಬರ್ ಲಾಗ್‌ನಲ್ಲಿ ಬರಬಾರದು ಅಂತ ಯಾರೋ ಪುಣ್ಯಾತ್ಮರು ಒಳ್ಳೆಯದಕ್ಕೇ ಮಾಡಿದ್ದರು. ಆದರೆ ಜಾವಾದಲ್ಲಿ ಸ್ಟ್ರಿಂಗ್‌ನ ರಿಪ್ಲೇಸ್‌ಆಲ್ ಕರೆದಾಗೆಲ್ಲ ಆ ರೆಜೆಕ್ಸ್, ಅಂದರೆ ಹುಡುಕಬೇಕಾದ ಅಕ್ಷರಗಳ ಮಾದರಿ, ಹೊಸದಾಗಿ ಕಂಪೈಲ್ ಆಗುತ್ತೆ. ಒಂದೊಂದು ಆರ್ಡರ್‌ಗೆ ಹತ್ತಾರು ಸಾಲು ಲಾಗ್, ಪ್ರತಿ ಸಾಲಿಗೂ ಕಂಪೈಲ್. ಕ್ಲಾಸ್ ಲೋಡ್ ಆಗುವಾಗ ಒಂದೇ ಸಲ ಕಂಪೈಲ್ ಮಾಡಿ ಇಟ್ಟುಕೊಂಡೆವು. ಚಪ್ಪಡಿ ಹೋಯಿತು.

ಒಂದು ಮಾತು ಗಮನಿಸಿ. ಬೆಳಿಗ್ಗೆ ಹೊತ್ತು ನಾವು ಮೊದಲೇ ಫ್ಲೇಮ್ ಗ್ರಾಫ್ ತೆಗೆದಿದ್ದರೆ, ಇದೇ ಚಪ್ಪಡಿ ಎದ್ದು ಕಾಣ್ತಿತ್ತು. ಅದನ್ನು ಸರಿ ಮಾಡಿ ಚಪ್ಪಾಳೆ ತಟ್ಟಿ ಮನೆಗೆ ಹೋಗ್ತಿದ್ದೆವು. 3,800ರಲ್ಲಿ ಹೆಚ್ಚುಕಮ್ಮಿ 150 ಮಾತ್ರ ಕಡಿಮೆ ಆಗುತ್ತಿತ್ತು. ಸಿಪಿಯು ಫ್ಲೇಮ್ ಗ್ರಾಫ್ ಓಡುವುದನ್ನು ಮಾತ್ರ ತೋರಿಸುತ್ತೆ. ನಿಂತವರು ಅದರಲ್ಲಿ ಇರೋದೇ ಇಲ್ಲ. ನಿಮ್ಮ ಸಿಪಿಯು ಶೇ. 30 ಅಂದಿರಲ್ಲ, ಅದಕ್ಕೇ ನಿಮಗೆ ಈ ಚಿತ್ರ ಮೊದಲು ಬೇಡ ಅಂತಿದ್ದೇನೆ.

ಸರಾಸರಿಯ ಗೆರೆ ಬಗ್ಗೆ ಎರಡೇ ಮಾತು. ನಿಮ್ಮ ಡ್ಯಾಶ್‌ಬೋರ್ಡ್‌ನಲ್ಲಿ ‘ಸರಾಸರಿ 900 ಮಿಲಿಸೆಕೆಂಡ್’ ಅಂತ ಒಂದು ಗೆರೆ ಇರಬಹುದು. ಒಂದೇ ಒಂದು ರಿಕ್ವೆಸ್ಟ್ ಕೂಡ 900 ತಗೊಂಡಿರಲ್ಲ, ಹಾಗೂ ಆಗುತ್ತೆ. ಕ್ಯಾಶ್‌ನಲ್ಲಿ (ಹತ್ತಿರದಲ್ಲೇ ಇಟ್ಟುಕೊಂಡ ನಕಲಿನಲ್ಲಿ) ಸಿಕ್ಕವು 100ರಲ್ಲಿ ಮುಗಿದಿರುತ್ತವೆ, ಸಿಗದವು 3,000. ಇದನ್ನು ಹೀಟ್‌ಮ್ಯಾಪ್ ಹಾಕಿ ನೋಡಿ. ಅಡ್ಡಕ್ಕೆ ಹೊತ್ತು, ಉದ್ದಕ್ಕೆ ತಗೊಂಡ ಸಮಯ, ಎಷ್ಟು ರಿಕ್ವೆಸ್ಟ್ ಬಿದ್ದವೋ ಅಷ್ಟು ಗಾಢ ಬಣ್ಣ. ಎರಡು ಪಟ್ಟೆ ಬೇರೆ ಬೇರೆಯಾಗಿ ಕಾಣುತ್ತವೆ. ಹತ್ತೂವರೆಗೆ ಮೇಲಿನ ಪಟ್ಟೆ ಮಾತ್ರ ಮೇಲೇರುತ್ತಾ, ಎರಡೂ ಏರುತ್ತವಾ ಅನ್ನೋದು ನಿಮಗೆ ಅರ್ಧ ಉತ್ತರ ಕೊಡುತ್ತೆ. ಎರಡೂ ಏರಿದರೆ ಎಲ್ಲರೂ ನಿಲ್ಲುವ ಯಾವುದೋ ಒಂದು ಸಾಲು ಇದೆ ಅಂತ.

ಮೂರು ಆಯಾಮದ ಚಿತ್ರಗಳ ಬಗ್ಗೆ ಮ್ಯಾನೇಜರ್ ಕೇಳಬಹುದು. ಸಾಫ್ಟ್‌ವೇರನ್ನು ಊರಿನ ಹಾಗೆ, ಕ್ಲಾಸ್‌ಗಳನ್ನು ಕಟ್ಟಡಗಳ ಹಾಗೆ ತೋರಿಸುವ ಟೂಲ್‌ಗಳಿವೆ. ಚೆಂದ ಇರುತ್ತೆ. ಡೆಮೊದಲ್ಲಿ ಮೆಚ್ಚುತ್ತಾರೆ. ರಾತ್ರಿ ಎರಡು ಗಂಟೆಗೆ ಫೋನ್ ಬಂದಾಗ ಅದನ್ನು ತೆರೆದವರನ್ನು ನಾನು ನೋಡಿಲ್ಲ.

ಈಗ ನಿಮ್ಮ ತೊಡಕು. ಏಜೆಂಟ್‌ಗೆ ಅನುಮತಿ ಇಲ್ಲ. ಪರವಾಗಿಲ್ಲ. ಓಡುವಾಗ ಏನಾಯಿತು ಅಂತ ದಾಖಲಿಸುವ ಜಾವಾ ಫ್ಲೈಟ್ ರೆಕಾರ್ಡರ್, ಜಾವಾದ ಮೂಲ ಕಿಟ್ ಆದ ಜೆಡಿಕೆ ಜೊತೆಯಲ್ಲೇ ಬರುತ್ತೆ. ಓಪನ್‌ಜೆಡಿಕೆ 11ರಲ್ಲಿ ಅದು ಎಲ್ಲರಿಗೂ ಸಿಕ್ಕಿತು, ಜಾವಾ 8ರಲ್ಲೇ ಇದ್ದೀರಿ ಅಂದರೂ 262ನೇ ಅಪ್‌ಡೇಟ್‌ನಿಂದ ಮುಂದೆ ಇದೆ. ಹೊಸದೇನೂ ಹಾಕಬೇಕಾಗಿಲ್ಲ, ಓಡ್ತಿರುವ ಪ್ರೊಸೆಸ್‌ಗೆ ಜೆಸಿಎಂಡಿ ಅನ್ನುವ ಕಮಾಂಡಿನಿಂದ ಶುರು ಮಾಡಬಹುದು. ಲಾಕ್‌ಗೆ ಕಾದದ್ದು, ಸಾಕೆಟ್‌ನಲ್ಲಿ ಕಾದದ್ದು, ಸುಮ್ನೆ ಪಾರ್ಕ್ ಆಗಿ ನಿಂತದ್ದು, ಇವುಗಳಲ್ಲಿ 20 ಮಿಲಿಸೆಕೆಂಡ್ ದಾಟಿದವನ್ನು ಮೂಲ ಸೆಟ್ಟಿಂಗ್‌ನಲ್ಲೇ ಬರೆದಿಡುತ್ತೆ. ನಿಮಗೆ ಬೇಕಿರೋದು ಅದೇ.

ಅದಕ್ಕೂ ತಕರಾರು ಬಂದರೆ ಜೆಸ್ಟ್ಯಾಕ್ ಅನ್ನುವ ಕಮಾಂಡ್ ಇದೆ. ಬೆಳಿಗ್ಗೆ 10:40ಕ್ಕೆ ಐದೈದು ಸೆಕೆಂಡ್ ಬಿಟ್ಟು ಮೂರು ನಾಲ್ಕು ಸಲ ಥ್ರೆಡ್ ಡಂಪ್, ಅಂದರೆ ಆ ಕ್ಷಣ ಯಾವ ಥ್ರೆಡ್ ಎಲ್ಲಿದೆ ಅನ್ನುವ ವಿವರ, ತಗೊಳ್ಳಿ. ರಿಕ್ವೆಸ್ಟ್ ನೋಡಿಕೊಳ್ಳುವ ಥ್ರೆಡ್‌ಗಳನ್ನು ಮಾತ್ರ ಆರಿಸಿ, ಒಂದೇ ಥರದ ಸ್ಟ್ಯಾಕ್‌ಗಳನ್ನು (ಯಾರು ಯಾರನ್ನು ಕರೆದರು ಅನ್ನುವ ಸರಣಿಗಳನ್ನು) ಒಟ್ಟಿಗೆ ಹಾಕಿ ಎಣಿಸಿ. ಕಾಗದದ ಮೇಲೆ ಅಷ್ಟಷ್ಟು ಅಗಲದ ಡಬ್ಬಿ ಬರೆಯಿರಿ. ಕೈಯಲ್ಲಿ ಮಾಡಿದ ಫ್ಲೇಮ್ ಗ್ರಾಫ್ ಅದು, ನಿಂತವರೂ ಅದರಲ್ಲಿ ಬರ್ತಾರೆ. ಅದು ಗುಜರಿ ಕೆಲಸ ಅಂತ ನಗುವವರಿದ್ದಾರೆ. ನಗಲಿ. ನಾನು ಈಗಲೂ ಮೊದಲು ಮಾಡೋದು ಅದನ್ನೇ.

ಮುಂದೆ ಟ್ರೇಸಿಂಗ್‌ಗೆ ಅನುಮತಿ ಸಿಕ್ಕಾಗ ಎರಡು ಎಚ್ಚರಿಕೆ ಇರಲಿ. ಎಲ್ಲ ರಿಕ್ವೆಸ್ಟನ್ನೂ ಇಟ್ಟುಕೊಳ್ಳೋಕೆ ಆಗಲ್ಲ. ಗೂಗಲ್‌ನ ಡ್ಯಾಪರ್ ಶುರುವಿನಲ್ಲಿ 1,024ಕ್ಕೆ ಒಂದು ಇಡ್ತಿತ್ತು. ಅವರಿಗೆ ಅದು ಸಾಕು, ಅಷ್ಟು ಟ್ರಾಫಿಕ್. ನಿಮ್ಮಲ್ಲಿ ನೂರಕ್ಕೆ ಒಂದು ಅಂತ ಶುರುವಿನಲ್ಲೇ ಚೀಟಿ ಎತ್ತಿದರೆ ನಿಧಾನವಾದವೇ ಕೈತಪ್ಪಿ ಹೋಗುತ್ತವೆ. ರಿಕ್ವೆಸ್ಟ್ ಮುಗಿದ ಮೇಲೆ ತೀರ್ಮಾನ ಮಾಡಿ, ಎರಡು ಸೆಕೆಂಡ್ ದಾಟಿದ್ದನ್ನೂ ಎರರ್ ಬಂದದ್ದನ್ನೂ ಎಲ್ಲ ಇಡಿ, ಉಳಿದದ್ದರಲ್ಲಿ ಸ್ವಲ್ಪ ಇಡಿ. ಇನ್ನೊಂದು, ಸ್ಪ್ಯಾನ್ ಒಳಗೆ ಗ್ರಾಹಕರ ಹೆಸರು, ಫೋನ್ ನಂಬರ್ ಹಾಕಬೇಡಿ. ಲಾಗ್‌ನಲ್ಲಿ ಮುಚ್ಚಿ ಟ್ರೇಸ್‌ನಲ್ಲಿ ತೆರೆದಿಟ್ಟವರನ್ನು ನೋಡಿದ್ದೇನೆ.

ಮ್ಯಾನೇಜರ್‌ಗೆ ಏನು ತೋರಿಸೋದು? ಎರಡು ಪಟ್ಟಿ ಸಾಕು, ಒಂದೇ ಹಾಳೆಯಲ್ಲಿ. ಮಧ್ಯಾಹ್ನ ಎರಡು ಗಂಟೆಯ ಒಂದು ರಿಕ್ವೆಸ್ಟ್ ಮೇಲೆ, ಬೆಳಿಗ್ಗೆ 10:40ರ ಅದೇ ರಿಕ್ವೆಸ್ಟ್ ಕೆಳಗೆ. ಒಂದೇ ಅಳತೆಯಲ್ಲಿ ಎಳೆಯಿರಿ. ಕಾದ ಹೊತ್ತಿಗೆ ಒಂದು ಬಣ್ಣ, ಕೆಲಸ ಮಾಡಿದ ಹೊತ್ತಿಗೆ ಇನ್ನೊಂದು. ಮೂರನೇ ಬಣ್ಣ ಬೇಡ. ಮೀಟಿಂಗ್‌ನಲ್ಲಿ ನೀವು ಏನೂ ವಿವರಿಸದೆ ಹತ್ತು ಸೆಕೆಂಡ್ ಸುಮ್ನಿರಿ. ಅವರೇ ಬೆರಳಿಟ್ಟು ‘ಇಲ್ಲೇನಾಗ್ತಿದೆ?’ ಅಂತ ಕೇಳಿದರೆ ಚಿತ್ರ ಸರಿ ಬಂದಿದೆ ಅಂತ ಲೆಕ್ಕ.

ಥ್ರೆಡ್ ಡಂಪ್ ತೆಗೆದ ಮೇಲೆ ಯಾವ ಸಾಲಿನಲ್ಲಿ ಜಾಸ್ತಿ ಜನ ನಿಂತಿದ್ದಾರೆ ಅಂತ ಒಂದು ಸಾಲು ಬರೆದು ಕಳಿಸಿ. ಕನೆಕ್ಷನ್ ಕೇಳುವ ಸಾಲಾಗಿದ್ದರೆ ಮೇಲಿನ ಕಥೆಯೇ. ಲಾಗ್ ಬರೆಯುವ ಲಾಕ್ ಆಗಿದ್ದರೆ ಅದರ ಕಥೆ ಬೇರೆ, ಮುಂದಿನ ಸಲ ಹೇಳ್ತೇನೆ.